ನಂಜು ಕಾಯುವುದಿಲ್ಲ: ಟೆಕ್ಸಾಸ್ ಶಾಸಕರಿಗೆ ಬೆಳಗಾವಿಯ ತಾಯಿಯೊಬ್ಬಳ ಬಹಿರಂಗ ಪತ್ರ

ಟೆಕ್ಸಾಸ್ ರಾಜ್ಯದ ಮಾನ್ಯ ಗವರ್ನರ್ ಗ್ರೆಗ್ ಅಬಾಟ್ ಅವರಿಗೆ, ಆಸ್ಟಿನ್‌ನ ಶಾಸನಸಭೆಯ 31 ಸೆನೆಟರ್‌ಗಳಿಗೆ ಮತ್ತು 150 ಪ್ರತಿನಿಧಿಗಳಿಗೆ,

ಬೆಳಗಾವಿಯಿಂದ ನಮಸ್ಕಾರಗಳು.

ಮಾನ್ಯರೇ,

ನಿಮ್ಮ ರಾಜ್ಯದಲ್ಲಿ ನನಗೆ ಓಟಿಲ್ಲ. ನನ್ನ ಮಗಳಿಗೂ ಇಲ್ಲ. ಅವಳು ವೀಸಾ ಮೇಲೆ ಅಲ್ಲಿ ದುಡಿಯುತ್ತಾಳೆ, ನಿಮ್ಮ ಅಂಗಡಿಗಳಲ್ಲಿ ತೆರಿಗೆ ಕಟ್ಟುತ್ತಾಳೆ, ಡಲ್ಲಾಸ್ ಪಕ್ಕದ ಒಂದು ಊರಲ್ಲಿ ಗಂಡನ ಜೊತೆ ಇದ್ದಾಳೆ. ಆದರೆ ಗರ್ಭಪಾತ ನಿಷೇಧಿಸಿ ನೀವು ಮಾಡಿದ ಕಾನೂನು ಆ ಮನೆಯೊಳಗೆ ಬಂದು ಮೂರು ದಿನ ಕೂತಿತ್ತು. ಅದಕ್ಕೇ ಈ ಪತ್ರ. ಮಗಳು ಇದನ್ನು ಇಂಗ್ಲಿಷಿಗೆ ಮಾಡಿ ನಿಮ್ಮ ಕಚೇರಿಗಳಿಗೆ ಕಳಿಸುತ್ತಾಳೆ. ಕನ್ನಡದಲ್ಲೂ ಎಲ್ಲರ ಮುಂದೆ ಇಡುತ್ತಿದ್ದೇನೆ. ಬಾಣಂತನ ಮಾಡಲು ಅಂತ ಸೂಟ್‌ಕೇಸ್ ತುಂಬಿಕೊಂಡು ನಿಮ್ಮ ರಾಜ್ಯಕ್ಕೆ ವಿಮಾನ ಹತ್ತುವ ತಾಯಂದಿರು ನಮ್ಮಲ್ಲಿ ತುಂಬಾ ಜನ. ಅವರಿಗೂ ಇದು ಗೊತ್ತಿರಬೇಕು.

ನಾನು ನಿವೃತ್ತ ಸ್ಟಾಫ್ ನರ್ಸ್. 34 ವರ್ಷ ಸರ್ಕಾರಿ ಕೆಲಸ ಮಾಡಿದೆ. ಅದರಲ್ಲಿ ಬಹುಪಾಲು ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ಎಷ್ಟು ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ಒಂದು ದಿನವೂ ಡ್ಯೂಟಿಗೆ ಹೋದವಳಲ್ಲ. ಹುಟ್ಟುವ ಜೀವದ ಬಗ್ಗೆ ನಿಮಗಿರುವ ಭಕ್ತಿ ನನಗೂ ಇದೆ. ದಯವಿಟ್ಟು ಇದನ್ನು ನಂಬಿ ಮುಂದೆ ಓದಿ.

2023ರ ಜನವರಿಯಲ್ಲಿ ನಾನು ಅಲ್ಲಿಗೆ ಬಂದೆ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಗರ್ಭ. ಮಗಳಿಗೆ ವಾಂತಿ ಜಾಸ್ತಿ ಇತ್ತು, ಹಾಗಾಗಿ ಬೇಗನೇ ಹೊರಟೆ. ಅಂಟು, ಉತ್ತುತ್ತಿ, ಒಣಕೊಬ್ಬರಿ, ಬಜೆ ಎಲ್ಲ ಕಟ್ಟಿಕೊಂಡಿದ್ದೆ. ನನ್ನ ಹಳೇ ಇಳಕಲ್ ಸೀರೆಗಳಿಂದ ಕೂಸಿಗೆ ಒಂದು ಕೌದಿ ಹೊಲಿದಿದ್ದೆ. ಐದನೇ ತಿಂಗಳಲ್ಲಿ ಅಲ್ಲೇ ಸಣ್ಣದಾಗಿ ಕುಬುಸ ಮಾಡೋಣ ಎಂದು ಹಸಿರು ಬಳೆಯನ್ನೂ ಒಯ್ದಿದ್ದೆ.

ಫೆಬ್ರವರಿಯ ಒಂದು ರಾತ್ರಿ ಅವಳಿಗೆ ನೀರು ಒಡೆಯಿತು. ಆಗ 19 ವಾರ.

ಈ ಮಾತಿನ ಅರ್ಥ ನಿಮ್ಮಲ್ಲಿ ವೈದ್ಯರಾದವರಿಗೆ ಗೊತ್ತಾಗುತ್ತದೆ. ಉಳಿದವರಿಗಾಗಿ ಹೇಳುತ್ತೇನೆ. ಕೂಸು ಹೊಟ್ಟೆಯಲ್ಲಿ ನೀರಿನ ಚೀಲದೊಳಗೆ ಇರುತ್ತದೆ. ಅದರ ಶ್ವಾಸಕೋಶ ಬೆಳೆಯಲು ಆ ನೀರು ಬೇಕೇ ಬೇಕು. 19 ವಾರಕ್ಕೆ ಚೀಲ ಒಡೆದು ನೀರೆಲ್ಲ ಹೋದರೆ ಕೂಸು ಬದುಕುವ ಆಸೆ ಇಲ್ಲವೆಂಬಷ್ಟು ಕಡಿಮೆ. ಅದರ ಜೊತೆಗೇ ಗರ್ಭದ ಬಾಗಿಲು ತೆರೆದಂತಾಗುತ್ತದೆ. ಹೊರಗಿನ ಕ್ರಿಮಿ ಒಳಗೆ ಹೋಗುತ್ತದೆ. ತಾಯಿಯ ರಕ್ತಕ್ಕೆ ನಂಜೇರುತ್ತದೆ. ನಂಜು ಒಂದು ಸಲ ಏರಲು ಶುರುವಾದರೆ ದಿನಗಳ ಲೆಕ್ಕ ಇರುವುದಿಲ್ಲ, ಗಂಟೆಗಳ ಲೆಕ್ಕ.

ನಮ್ಮ ವಾರ್ಡಿಗೂ ಇಂಥ ಹೆಣ್ಣುಮಕ್ಕಳು ಬರುತ್ತಿದ್ದರು. ಡಾಕ್ಟರು ಗಂಡ ಹೆಂಡತಿಯನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಒಪ್ಪಿಗೆ ಪತ್ರಕ್ಕೆ ಸಹಿ ಆದ ಮೇಲೆ ಗುಳಿಗೆ ಕೊಟ್ಟು ಹೆರಿಗೆ ಮಾಡಿಸುತ್ತಿದ್ದೆವು. ಕೆಲವರು ಎರಡು ದಿನ ನೋಡುತ್ತೇವೆ ಅನ್ನುತ್ತಿದ್ದರು. ಅವರನ್ನು ವಾರ್ಡಿನಲ್ಲೇ ಇಟ್ಟುಕೊಂಡು, ಇಂಜೆಕ್ಷನ್ ಕೊಡುತ್ತಾ ನೋಡಿಕೊಳ್ಳುತ್ತಿದ್ದೆವು. ಅದೂ ಅವರ ಇಷ್ಟ. ಆದರೆ ಯಾರನ್ನೂ ಜ್ವರ ಬಂದ ಮೇಲೆ ಬಾ ಎಂದು ಮನೆಗೆ ಕಳಿಸಿದ್ದಿಲ್ಲ.

ನನ್ನ ಮಗಳನ್ನು ಕಳಿಸಿದರು. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಕನಸಲ್ಲೂ ಕಾಣದಂಥ ಯಂತ್ರಗಳು ಆ ಆಸ್ಪತ್ರೆಯಲ್ಲಿದ್ದವು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಅಲ್ಲಿಯವರ ಮೇಲೆ ನನಗೆ ಸಿಟ್ಟಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೀರು ಉಳಿದಿಲ್ಲ, ಆದರೆ ಎದೆಬಡಿತ ಇದೆ ಎಂದಳು. ಎದೆಬಡಿತ ನಿಲ್ಲಬೇಕು, ಇಲ್ಲವೇ ತಾಯಿಗೆ ಸೋಂಕು ಕಾಣಿಸಿಕೊಳ್ಳಬೇಕು, ಅಲ್ಲಿಯವರೆಗೆ ನಾನೇನೂ ಮಾಡುವ ಹಾಗಿಲ್ಲ ಎಂದಳು. ಮನೆಯಲ್ಲಿ ಆಗಾಗ ಜ್ವರ ನೋಡಿಕೊಳ್ಳಿ ಎಂದಳು. ಹೇಳುವಾಗ ನಮ್ಮ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಾಗದ ನೋಡುತ್ತಿದ್ದಳು. ಮಗಳು ನನ್ನ ಕಡೆ ತಿರುಗಿ, "ಅವ್ವಾ, ಇನ್ನೂ ಎದಿ ಬಡ್ಕೊಳ್ಳಾಕತ್ತೈತಿ ಅಂತ. ಅದು ನಿಲ್ಲೂತನ ಕಾಯ್ಬೇಕಂತ" ಅಂದಳು. ಆ ಮಾತನ್ನು ಯಾವ ತಾಯಿಯ ಬಾಯಿಂದಲೂ ಕೇಳಬಾರದು.

ಮೂರು ದಿನ ನಾನು ಅವಳ ಹಣೆ ಮೇಲಿನ ಕೈ ತೆಗೆಯಲಿಲ್ಲ. ಅಳಿಯ ಫೋನು ಹಿಡಿದುಕೊಂಡು, ಈ ನಿಷೇಧವಿಲ್ಲದ ಪಕ್ಕದ ರಾಜ್ಯ ನ್ಯೂ ಮೆಕ್ಸಿಕೊಗೆ ದಾರಿ ನೋಡುತ್ತಿದ್ದ. ಅಲ್ಲಿನ ಆಲ್ಬುಕರ್ಕಿ ಊರು ಸುಮಾರು ಸಾವಿರ ಕಿಲೋಮೀಟರ್. ನೀರು ಒಡೆದವಳನ್ನು ಹತ್ತು ಗಂಟೆ ಕಾರಿನಲ್ಲಿ ಹೇಗೆ ಕರೆದೊಯ್ಯುವುದು? ದಾರಿ ಮಧ್ಯೆ ರಕ್ತ ಹೋದರೆ? ಇನ್ನೊಂದು ಭಯವೂ ಅವನಿಗಿತ್ತು. ಕಾರು ಓಡಿಸಿದರೆ ನನ್ನ ಮೇಲೂ ಕೇಸು ಬರುತ್ತದಾ, ಅತ್ತೆ? ವೀಸಾಕ್ಕೆ ಏನಾದರೂ ಆಗುತ್ತದಾ? ನನಗೆ ಉತ್ತರ ಗೊತ್ತಿರಲಿಲ್ಲ. ಅವನು ಫೋನು ಮಾಡಿದ ಇಬ್ಬರು ಸ್ನೇಹಿತರಿಗೂ ಗೊತ್ತಿರಲಿಲ್ಲ.

ಮೂರನೇ ದಿನ ಸಂಜೆ ಅವಳಿಗೆ ಚಳಿ ಹಿಡಿಯಿತು. ಮೂರು ಹೊದಿಕೆ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ನಾಡಿ ಹಿಡಿದು ಗಡಿಯಾರ ನೋಡಿದೆ, 120 ದಾಟಿತ್ತು. ಆಸ್ಪತ್ರೆಗೆ ಓಡಿದೆವು. ಈಗ ಕಾನೂನು ಒಪ್ಪುವಷ್ಟು ಕಾಯಿಲೆ ಅವಳಿಗಿತ್ತು. ಅದೇ ಡಾಕ್ಟರು, ಅದೇ ನರ್ಸುಗಳು ಈಗ ಓಡಾಡಿ ಕೆಲಸ ಮಾಡಿದರು. ನಾಲ್ಕು ದಿನ ಐಸಿಯುನಲ್ಲಿಟ್ಟು ಉಳಿಸಿಕೊಟ್ಟರು. ಅವರಿಗೆ ನನ್ನ ಕೃತಜ್ಞತೆ ಇದೆ. ಕೂಸು ಉಳಿಯಲಿಲ್ಲ. ಅದು ಮೊದಲ ದಿನವೇ ಗೊತ್ತಿದ್ದ ಸಂಗತಿ. ಹಾಗಾದರೆ ಆ ಮೂರು ದಿನ ಕಾದದ್ದರಿಂದ ಯಾರ ಜೀವ ಉಳಿಯಿತು, ಮಾನ್ಯರೇ? ಇದೇ ನನ್ನ ಮೊದಲ ಪ್ರಶ್ನೆ.

ಐಸಿಯು ಹೊರಗೆ ಕೂತಿದ್ದಾಗ ನನ್ನ ಕಣ್ಮುಂದೆ ಇದ್ದದ್ದು ಸವಿತಾಳ ಮುಖ. ಸವಿತಾ ಹಾಲಪ್ಪನವರ ನಮ್ಮ ಬೆಳಗಾವಿಯ ಮಗಳು, ಹಲ್ಲಿನ ಡಾಕ್ಟರು. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ, 17 ವಾರದ ಗರ್ಭಿಣಿ, ಬೆನ್ನು ನೋವೆಂದು ಆಸ್ಪತ್ರೆಗೆ ಹೋದಳು. ಗರ್ಭ ಉಳಿಯುವುದಿಲ್ಲ ಎಂದು ಡಾಕ್ಟರೇ ಹೇಳಿದರು. ನೀರು ಒಡೆದಿತ್ತು. ಹಾಗಿದ್ದರೆ ತೆಗೆದುಬಿಡಿ ಎಂದು ಅವಳು ಕೇಳಿಕೊಂಡಳು. ಎದೆಬಡಿತ ಇದೆ, ಆಗುವುದಿಲ್ಲ ಎಂದರು. ಇದು ಕ್ಯಾಥೊಲಿಕ್ ದೇಶ ಎಂಬ ಮಾತೂ ಬಂತು. ಹಾಗೆ ಹೇಳಿದ್ದನ್ನು ಅಲ್ಲಿನ ಸೂಲಗಿತ್ತಿ ನರ್ಸ್ ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡಳು. ಕಾಯುತ್ತಾ ಕಾಯುತ್ತಾ ನಂಜೇರಿತು. ಅಕ್ಟೋಬರ್ 28ರಂದು ಅವಳು ತೀರಿಕೊಂಡಳು. 31 ವರ್ಷ.

ಆ ಸುದ್ದಿ ಬಂದ ದಿನ ನಮ್ಮ ವಾರ್ಡಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಇಲ್ಲೇ ಇದ್ದಿದ್ದರೆ ಬದುಕುತ್ತಿದ್ದಳಲ್ಲಾ ಎಂದು ನಮ್ಮ ಆಯಾ ಅತ್ತದ್ದು ಇವತ್ತಿಗೂ ನೆನಪಿದೆ. ಅಷ್ಟು ದೊಡ್ಡ ದೇಶದಲ್ಲಿ ಆಗದೇ ಹೋದದ್ದು ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಆಗುತ್ತಿತ್ತು. ಔಷಧ ಎರಡೂ ಕಡೆ ಒಂದೇ. ಕಾನೂನು ಬೇರೆ ಇತ್ತು.

ಐರ್ಲೆಂಡಿನ ಜನ ಆ ಸಾವನ್ನು ಮರೆಯಲಿಲ್ಲ. ಆರು ವರ್ಷ ಅವಳ ಫೋಟೊ ಹಿಡಿದು ಬೀದಿಯಲ್ಲಿ ನಡೆದರು. ಇಲ್ಲಿ ಬೆಳಗಾವಿಯಲ್ಲಿ ಕೂತು ಅವಳ ತಂದೆ ತಾಯಿ, ನಮ್ಮ ಮಗಳನ್ನು ನೆನೆದು ಮತ ಹಾಕಿ ಎಂದು ಆ ದೇಶದ ಜನರನ್ನು ಬೇಡಿಕೊಂಡರು. 2018ರ ಮೇ 25ರ ಜನಮತದಲ್ಲಿ ನೂರಕ್ಕೆ 66ಕ್ಕೂ ಹೆಚ್ಚು ಮಂದಿ ಗರ್ಭಪಾತದ ಹಳೇ ನಿಷೇಧವನ್ನು ತೆಗೆಯಿರಿ ಎಂದರು. 2019ರ ಜನವರಿ 1ರಿಂದ ಅಲ್ಲಿ ಹೊಸ ಕಾನೂನು ಇದೆ. ಅದಾಗಿ ಮೂರು ವರ್ಷ ತುಂಬುವ ಮೊದಲೇ ನೀವು ಐರ್ಲೆಂಡ್ ಬಿಟ್ಟುಬಂದ ದಾರಿ ಹಿಡಿದಿರಿ.

2021ರ ಸೆಪ್ಟೆಂಬರ್ 1ಕ್ಕೆ ನಿಮ್ಮ ಎಸ್‌ಬಿ 8 ಎಂಬ ಕಾನೂನು ಜಾರಿಗೆ ಬಂತು. ಎದೆಬಡಿತದಂಥದ್ದು ಕಂಡರೆ, ಅಂದರೆ ಸುಮಾರು ಆರು ವಾರಕ್ಕೇ, ಗರ್ಭಪಾತ ಇಲ್ಲ. ಆರು ವಾರ ಎಂದರೆ ಕೊನೆಯ ಮುಟ್ಟಿನಿಂದ ಲೆಕ್ಕ. ಮುಟ್ಟು ತಪ್ಪಿ ಎರಡೇ ವಾರ. ನಮ್ಮ ಕಡೆ ಅಷ್ಟರಲ್ಲಿ ಅರ್ಧ ಹೆಣ್ಣುಮಕ್ಕಳು ಈ ಸಲ ತಡವಾಗಿರಬೇಕು ಅಂದುಕೊಂಡೇ ಇರುತ್ತಾರೆ. ನಿಮ್ಮಲ್ಲಿ ಬೇರೆ ಇರಲಿಕ್ಕಿಲ್ಲ. ಇದರ ಮೇಲೆ, ಸಹಾಯ ಮಾಡಿದವರ ವಿರುದ್ಧ ಯಾರು ಬೇಕಾದರೂ ದಾವೆ ಹೂಡಿ ಕನಿಷ್ಠ 10,000 ಡಾಲರ್ ಪಡೆಯಬಹುದು ಎಂದಿರಿ.

ಆ ಕಾನೂನು ಬಂದ ಎರಡೇ ದಿನಕ್ಕೆ ಹೂಸ್ಟನ್ನಿನಲ್ಲಿ ಜೋಸೆಲಿ ಬರ್ನಿಕಾ ಎಂಬ 28 ವರ್ಷದ ತಾಯಿ ಆಸ್ಪತ್ರೆ ಸೇರಿದಳು. ಹೊಂಡುರಾಸ್‌ನಿಂದ ಬಂದವಳು. ಮನೆಯಲ್ಲಿ ಪುಟ್ಟ ಮಗಳಿದ್ದಳು. ಅವಳಿಗೂ 17 ವಾರ. ಗರ್ಭ ಇಳಿದುಹೋಗುತ್ತಿತ್ತು. ಎದೆಬಡಿತ ನಿಲ್ಲಲಿ ಎಂದು ಸುಮಾರು 40 ಗಂಟೆ ಕಾದರು. ಕೆಲವೇ ದಿನಗಳಲ್ಲಿ ನಂಜಿನಿಂದ ತೀರಿಕೊಂಡಳು. ಪ್ರೊಪಬ್ಲಿಕಾ ಪತ್ರಕರ್ತರು 2024ರಲ್ಲಿ ಇದನ್ನು ಹೊರಗೆ ತಂದರು. ಮಗಳು ನನಗೆ ಅದನ್ನು ಓದಿ ಹೇಳುವಾಗ, ಊರಿನ ಹೆಸರು ಬದಲಿಸಿ ಸವಿತಾಳ ಕಥೆಯನ್ನೇ ಹೇಳುತ್ತಿದ್ದಾಳೆ ಅನ್ನಿಸಿತು. ಒಂಬತ್ತು ವರ್ಷ ಮೊದಲೇ ನಮ್ಮೂರ ಹುಡುಗಿ ಸತ್ತು ಈ ಪಾಠ ಹೇಳಿಕೊಟ್ಟಿದ್ದಳಲ್ಲ?

2022ರ ಜೂನ್ 24ರಂದು ನಿಮ್ಮ ದೇಶದ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕು ಕೊಟ್ಟಿದ್ದ ತನ್ನ ಹಳೇ ತೀರ್ಪನ್ನು ತೆಗೆದುಹಾಕಿತು. ಆಗಸ್ಟ್ 25ರಿಂದ ನಿಮ್ಮ ಇನ್ನೊಂದು ಕಾನೂನು, ಎಚ್‌ಬಿ 1280, ಬಂತು. ಅದರಲ್ಲಿ ವಾರಗಳ ಲೆಕ್ಕವೇ ಇಲ್ಲ, ಪೂರ್ತಿ ನಿಷೇಧ. ಅತ್ಯಾಚಾರಕ್ಕೆ ಒಳಗಾದ ಹುಡುಗಿಗೂ ವಿನಾಯಿತಿ ಇಲ್ಲ. ತಪ್ಪಿದ ಡಾಕ್ಟರಿಗೆ ಜೀವಾವಧಿವರೆಗೂ ಜೈಲು, ಕನಿಷ್ಠ 1,00,000 ಡಾಲರ್ ದಂಡ, ಲೈಸೆನ್ಸ್ ರದ್ದು. ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾಡಬಹುದು ಎಂದೂ ಬರೆದಿದ್ದೀರಿ, ನಿಜ. ಆದರೆ ಒಂದು ಕಡೆ ಜೀವಾವಧಿ ಶಿಕ್ಷೆ ಇಟ್ಟು ಇನ್ನೊಂದು ಕಡೆ ವಿನಾಯಿತಿ ಇಟ್ಟರೆ, ಯಾವ ಡಾಕ್ಟರಿಗೆ ಕೈ ಬಂದೀತು? ಅಪಾಯ ಎಷ್ಟಾದರೆ ಸಾಕು, ಜ್ವರ ಎಷ್ಟು ಬರಬೇಕು, ಬಿಪಿ ಎಷ್ಟು ಇಳಿಯಬೇಕು ಎಂದು ಅವರು ವಕೀಲರನ್ನು ಕೇಳಬೇಕು.

ಇಲ್ಲಿ ನಮ್ಮ ದೇಶದ ಕಾನೂನಿನ ಒಂದು ಮಾತು ಹೇಳಲೇಬೇಕು. 1971ರಲ್ಲಿ ನಮ್ಮ ಸಂಸತ್ತು ಗರ್ಭಪಾತದ ಕಾನೂನು ಮಾಡಿತು. ಅದಕ್ಕೂ ಮೊದಲು ಎಕ್ಕೆ ಕಡ್ಡಿ ಹಾಕಿಸಿಕೊಂಡು ನಂಜಾಗಿ ಬರುತ್ತಿದ್ದ ಹೆಂಗಸರ ವಿಷಯವನ್ನು ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್‌ಗಳು ಹೇಳುತ್ತಿದ್ದರು. ಅಂಥ ಸಾವುಗಳನ್ನು ತಡೆಯಲೆಂದೇ ಆ ಕಾನೂನು ಬಂತು. ಅದರಲ್ಲಿ ಸದ್ಭಾವನೆ ಎಂಬ ಒಂದು ಪದ ಇದೆ. ಡಾಕ್ಟರು ಸದ್ಭಾವನೆಯಿಂದ, ಅಂದರೆ ಒಳ್ಳೆಯ ಮನಸ್ಸಿನಿಂದ, ತಾಯಿಗೆ ಇದು ಬೇಕು ಎಂದು ತೀರ್ಮಾನಿಸಿದರೆ ಕಾನೂನು ಅವರ ಬೆನ್ನಿಗೆ ನಿಲ್ಲುತ್ತದೆ. ತಾಯಿಯ ಜೀವ ಉಳಿಸಲು ತಕ್ಷಣ ಬೇಕಾದರೆ ವಾರಗಳ ಮಿತಿಯೂ ಇಲ್ಲ, ಒಬ್ಬ ಡಾಕ್ಟರ ತೀರ್ಮಾನ ಸಾಕು.

ನಿಮ್ಮಲ್ಲಿ ಆ ಪದಕ್ಕೆ ಏನಾಯಿತು ನೋಡಿ. 2023ರ ಡಿಸೆಂಬರ್‌ನಲ್ಲಿ ಕೇಟ್ ಕಾಕ್ಸ್ ಎಂಬ ಎರಡು ಮಕ್ಕಳ ತಾಯಿ ಕೋರ್ಟಿಗೆ ಹೋದಳು. ಅವಳೂ ಡಲ್ಲಾಸ್ ಕಡೆಯವಳೇ. ಹೊಟ್ಟೆಯಲ್ಲಿದ್ದ ಕೂಸಿಗೆ ಟ್ರೈಸೊಮಿ 18 ಎಂಬ ವರ್ಣತಂತು ದೋಷ, ಬದುಕುವ ಭರವಸೆ ಇಲ್ಲ. ಗರ್ಭಪಾತಕ್ಕೆ ಅನುಮತಿ ಕೇಳಿದಳು. ಕೆಳಗಿನ ಕೋರ್ಟು ಒಪ್ಪಿತು. ಟೆಕ್ಸಾಸ್ ಸುಪ್ರೀಂ ಕೋರ್ಟು ಡಿಸೆಂಬರ್ 11ರಂದು ಅದನ್ನು ತಳ್ಳಿಹಾಕಿತು. ಡಾಕ್ಟರು ಸದ್ಭಾವನೆಯಿಂದ ನಂಬಿದರೆ ಸಾಲದು, ಕಾನೂನು ಅದನ್ನು ಕೇಳುತ್ತಿಲ್ಲ ಎಂದಿತು. ಅಷ್ಟರಲ್ಲಿ ಆಕೆ ನಿಮ್ಮ ರಾಜ್ಯ ಬಿಟ್ಟು ಹೊರಟಿದ್ದಳು. 18 ವಾರಕ್ಕೆ ನೀರು ಒಡೆದು, ನಂಜಾಗುವವರೆಗೂ ಕಾದು ಬದುಕಿ ಬಂದ ಅಮಾಂಡಾ ಜುರಾವ್ಸ್ಕಿ ಮತ್ತು ಜೊತೆಗಾರ್ತಿಯರ ಮೊಕದ್ದಮೆಯನ್ನೂ 2024ರ ಮೇ 31ರಂದು ಅದೇ ಕೋರ್ಟು ಒಪ್ಪಲಿಲ್ಲ. ಒಳ್ಳೆಯ ಮನಸ್ಸು ಸಾಲದು ಎಂದು ಕಾನೂನೇ ಹೇಳಿದರೆ, ನನ್ನ ಮಗಳ ಡಾಕ್ಟರು ಕಾಗದ ನೋಡದೆ ಇನ್ನೇನು ಮಾಡಬೇಕಿತ್ತು?

ನೀವು ತಿರುಗಿ ಕೇಳಬಹುದು, ನಿಮ್ಮ ದೇಶದಲ್ಲಿ ಹೆಣ್ಣು ಭ್ರೂಣಗಳನ್ನು ಕೊಲ್ಲುತ್ತಾರಲ್ಲಾ ಎಂದು. ಕೇಳುವ ಹಕ್ಕು ನಿಮಗಿದೆ. 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ, ಬೆಲ್ಲ ಮಾಡುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲ ಸಿಕ್ಕಿಬಿತ್ತು. ಅದನ್ನು ಓದಿ ನನಗೆ ಎದೆ ಒಡೆಯಿತು. ಎರಡು ಹೆಣ್ಣು ಹೆತ್ತವಳು ನಾನು. ಆ ದುಷ್ಟತನಕ್ಕೆ ನಮ್ಮಲ್ಲಿ 1994ರಿಂದಲೇ ಬೇರೆ ಕಾನೂನಿದೆ, ಅದು ಇನ್ನೂ ಬಿಗಿಯಾಗಬೇಕು. ಆದರೆ ಆ ಕಳ್ಳರನ್ನು ಹಿಡಿಯಲು ನೀರು ಒಡೆದು ಬಂದ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸಬೇಕಾಗಿಲ್ಲ. ಅವೆರಡೂ ಬೇರೆ ಬೇರೆ ಎಂದು ತಾಲೂಕು ಆಸ್ಪತ್ರೆಯ ಆಯಾಗೂ ಗೊತ್ತು.

ನೀವು ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2023ರ ಸೆಪ್ಟೆಂಬರ್‌ನಿಂದ, ಅವಧಿಗೆ ಮುಂಚೆ ನೀರು ಒಡೆದ ಪ್ರಕರಣಗಳಲ್ಲಿ ಡಾಕ್ಟರು ಕೋರ್ಟಿನಲ್ಲಿ ತಮ್ಮನ್ನು ಸಮರ್ಥಿಸಿಕೊಳ್ಳಬಹುದು ಎಂಬ ಬದಲಾವಣೆ ತಂದಿರಿ. ನನ್ನ ಮಗಳಿಗೆ ಅದು ಏಳು ತಿಂಗಳು ತಡವಾಯಿತು. 2025ರ ಜೂನ್‌ನಲ್ಲಿ ಎಸ್‌ಬಿ 31ಕ್ಕೆ ಗವರ್ನರ್ ಸಹಿ ಹಾಕಿದರು. ಅಪಾಯ ಕುತ್ತಿಗೆಗೆ ಬರುವವರೆಗೆ ಡಾಕ್ಟರು ಕಾಯಬೇಕಿಲ್ಲ ಎಂದು ಅದರಲ್ಲಿದೆ. ಇದಕ್ಕೆ ಎರಡೂ ಪಕ್ಷದವರು ಕೈ ಎತ್ತಿದಿರಿ. ಅದಕ್ಕೆ ಮನಸಾರೆ ವಂದನೆ. ಕಾನೂನಿನಲ್ಲಿ ತಪ್ಪಿತ್ತು ಎಂದು ನಿಮಗೂ ಅನ್ನಿಸಿದ್ದರಿಂದಲೇ ತಿದ್ದಿದ್ದೀರಿ ಎಂದು ನಾನು ತಿಳಿದಿದ್ದೇನೆ. ಆದರೆ ಜೈಲಿನ ಭಯ ಹಾಗೇ ಇದೆ. ಅದೇ ವರ್ಷ ಎಚ್‌ಬಿ 7 ತಂದು, ಗರ್ಭಪಾತದ ಗುಳಿಗೆ ಕಳಿಸಿದವರ ಮೇಲೆ ಜನರೇ ದಾವೆ ಹೂಡಲು ಇನ್ನೊಂದು ದಾರಿ ಮಾಡಿದಿರಿ. ಒಂದು ಕೈಯಲ್ಲಿ ಧೈರ್ಯ ಕೊಟ್ಟು ಇನ್ನೊಂದು ಕೈಯಲ್ಲಿ ಹೆದರಿಸಿದರೆ ಜನರ ಮನಸ್ಸಿನಲ್ಲಿ ಉಳಿಯುವುದು ಹೆದರಿಕೆಯೇ.

2027ರ ಜನವರಿಯಲ್ಲಿ ನಿಮ್ಮ ಸದನ ಮತ್ತೆ ಸೇರುತ್ತದೆ. 140 ದಿನ ನಡೆಯುತ್ತದೆ. ಅದರೊಳಗೆ ಇಷ್ಟು ಮಾಡಿಕೊಡಿ ಎಂದು ಕೇಳುತ್ತೇನೆ.

ಗರ್ಭ ತಾನಾಗಿಯೇ ಇಳಿಯುತ್ತಿರುವಾಗ, ನೀರು ಒಡೆದು ಕೂಸು ಬದುಕುವ ಹಂತ ಇನ್ನೂ ಬಂದಿಲ್ಲದಿರುವಾಗ, ಕೊಡುವ ಚಿಕಿತ್ಸೆಯನ್ನು ಗರ್ಭಪಾತ ಎಂಬ ಅಪರಾಧದ ಲೆಕ್ಕದಿಂದಲೇ ಹೊರಗಿಡಿ. ಕೋರ್ಟಿಗೆ ಹೋಗಿ ಸಮರ್ಥಿಸಿಕೊಳ್ಳುವ ಅವಕಾಶ ಬೇಡ, ಕೋರ್ಟಿಗೆ ಹೋಗುವ ಪ್ರಸಂಗವೇ ಬಾರದಿರಲಿ. ಡಾಕ್ಟರ ಸದ್ಭಾವನೆಯ ತೀರ್ಮಾನಕ್ಕೆ ಕಾನೂನಿನಲ್ಲಿ ಜಾಗ ಕೊಡಿ, ಜೀವಾವಧಿ ಶಿಕ್ಷೆಯ ಮಾತು ತೆಗೆಯಿರಿ. ಬದುಕದ ಕೂಸನ್ನು ಒಂಬತ್ತು ತಿಂಗಳು ಹೊರುವುದೋ ಬೇಡವೋ ಎಂಬುದನ್ನು ಹೊರುವವಳಿಗೆ ಬಿಡಿ. ಅತ್ಯಾಚಾರದಿಂದ ಗರ್ಭಿಣಿಯಾದ ಹುಡುಗಿಗೆ ದಯೆ ತೋರಿಸಿ. ನೆರೆಹೊರೆಯವರ ಕೈಗೆ ಕೊಟ್ಟಿರುವ ದಾವೆಯ ಅಸ್ತ್ರವನ್ನು ವಾಪಸ್ ತೆಗೆದುಕೊಳ್ಳಿ. ಹೆಂಡತಿಗೆ ಚಳಿ ಹಿಡಿದ ಹೊತ್ತಲ್ಲಿ ಗಂಡನಾದವನು ಕೇಸಿನ ಯೋಚನೆ ಮಾಡುವಂತಾಗಬಾರದು. ನನ್ನನ್ನು ಕೇಳಿದರೆ ಈ ನಿಷೇಧವೇ ಬೇಡ, ಐರ್ಲೆಂಡಿನಂತೆ ನಿಮ್ಮ ಜನರನ್ನೇ ಕೇಳಿ ತೀರ್ಮಾನಿಸಿ. ಅದು ನಿಮ್ಮಿಂದ ಈಗ ಆಗದಿದ್ದರೂ ಮೇಲೆ ಹೇಳಿದ್ದಕ್ಕೆ ಯಾವ ದೇವರೂ ಬೇಡ ಎನ್ನಲಾರ.

ಇನ್ನೊಂದು ಇದೆ. ತಾಯಂದಿರ ಸಾವನ್ನು ಪರಿಶೀಲಿಸುವ ನಿಮ್ಮ ರಾಜ್ಯದ ಸಮಿತಿ 2022 ಮತ್ತು 2023ರ ಸಾವುಗಳನ್ನು ಬಿಟ್ಟು ನೇರವಾಗಿ 2024ಕ್ಕೆ ಹೋಗಲು ತೀರ್ಮಾನಿಸಿತು. ನಿಷೇಧ ಪೂರ್ತಿಯಾಗಿ ಬಂದ ವರ್ಷಗಳೇ ಅವು. ನಮ್ಮಲ್ಲಿ ಒಬ್ಬ ಬಾಣಂತಿ ಸತ್ತರೆ ಫೈಲು ಜಿಲ್ಲಾಧಿಕಾರಿಯವರೆಗೆ ಹೋಗುತ್ತದೆ. ಎಷ್ಟು ಗಂಟೆಗೆ ಬಂದಳು, ಯಾರು ನೋಡಿದರು, ಯಾಕೆ ತಡವಾಯಿತು ಎಂದು ನರ್ಸಿನಿಂದ ಹಿಡಿದು ಎಲ್ಲರೂ ಉತ್ತರ ಕೊಡಬೇಕು. ನಾನೂ ಎರಡು ಸಲ ನಿಂತು ಉತ್ತರ ಕೊಟ್ಟಿದ್ದೇನೆ, ಕಾಲು ನಡುಗಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ಕರ್ನಾಟಕ ಯಾಕೆ ಎಂದು ಕೇಳಿತು. ಆ ಎರಡು ವರ್ಷಗಳ ಫೈಲುಗಳನ್ನು ನೀವೂ ತೆರೆಸಿ. 2023ರ ಅಕ್ಟೋಬರ್‌ನಲ್ಲಿ ಮೂರು ಸಲ ಎಮರ್ಜೆನ್ಸಿಗೆ ಹೋಗಿಯೂ ಉಳಿಯದ, 18 ವರ್ಷದ ನೆವೇಯಾ ಕ್ರೇನ್ ಎಂಬ ಹುಡುಗಿಯ ಸಾವು ಆ ಲೆಕ್ಕದಲ್ಲೇ ಇದೆ. ಅವಳ ತಾಯಿಗೆ ಉತ್ತರ ಬೇಡವೇ?

ಇಷ್ಟು ಬರೆಯಲು ಮಗಳ ಒಪ್ಪಿಗೆ ಕೇಳಿದ್ದೆ. ಕೊಟ್ಟಳು. ಜೊತೆಗೆ ಫೋನಿನಲ್ಲಿ ಒಂದು ಮಾತು ಕೇಳಿದಳು. "ಅವ್ವಾ, ಇನ್ನೊಮ್ಮೆ ನೋಡೂಣು ಅಂತ ಇಬ್ಬರೂ ವಿಚಾರ ಮಾಡೇವಿ. ಆದ್ರ ಇಲ್ಲೇ ಇರ್ಲೋ, ಬೆಳಗಾವಿಗೆ ಬರ್ಲೋ?"

ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮ ಪದ್ಧತಿ, ಸಂತೋಷದ ಪದ್ಧತಿ. ಅವಳು ಕೇಳಿದ್ದು ಆ ಸಂತೋಷಕ್ಕಲ್ಲ. ಬಂದರೆ ಕೆಲಸ ಹೋಗುತ್ತದೆ, ವೀಸಾ ಏನಾಗುತ್ತದೋ ಗೊತ್ತಿಲ್ಲ, ಗಂಡ ಅಲ್ಲೇ ಉಳಿಯಬೇಕು. ಅಲ್ಲೇ ಇದ್ದರೆ, ಮತ್ತೆ ನೀರು ಒಡೆದರೆ, ಈ ಸಲ ಡಾಕ್ಟರು ಕಾಗದ ನೋಡುತ್ತಾರೋ ಅವಳ ಮುಖ ನೋಡುತ್ತಾರೋ ನನಗೆ ಗೊತ್ತಿಲ್ಲ. ನೋಡಿ ಹೇಳುತ್ತೇನೆ ಮಗಾ ಎಂದು ಫೋನು ಇಟ್ಟಿದ್ದೇನೆ. ಅವಳಿಗೆ ಏನು ಹೇಳಲಿ ಎಂದು ನಿಮ್ಮನ್ನು ಕೇಳುತ್ತಿದ್ದೇನೆ. ದಯವಿಟ್ಟು ಉತ್ತರ ಬರೆಯಿರಿ.

ಇಂತಿ ವಿಶ್ವಾಸದಿಂದ,
ಒಬ್ಬ ನಿವೃತ್ತ ನರ್ಸ್
ಬೆಳಗಾವಿ, ಕರ್ನಾಟಕ